ಇಂದಿನ ಧಮ್ಮ ಚಿಂತನೆ: ಕಪ್ ಗೆದ್ದ ತಂಡವೂ ಉಳಿಯಲಿಲ್ಲ





ಇಂದಿನ ವಿಷಯ ಅನಿಚ್ಚ, ಅಂದರೆ ಅನಿತ್ಯ. ಇದನ್ನು ಆಟದ ಮೈದಾನದಿಂದ ನೋಡೋಣ.

2015ರಲ್ಲಿ ನಮ್ಮ ದೇಶದಲ್ಲಿ ಯುಬಿಎ ಎಂಬ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಶುರುವಾಯಿತು. 8 ತಂಡಗಳಲ್ಲಿ ನಮ್ಮ ರಾಜ್ಯದ್ದು ಬೆಂಗಳೂರು ಬೀಸ್ಟ್. ಅದುವರೆಗೆ ಈ ಆಟ ಆಡುವವರಿಗೆ ರೈಲ್ವೆಯಂಥ ಇಲಾಖೆಗಳ ನೌಕರಿಯೇ ದೊಡ್ಡ ಆಸರೆ. ಆಟವನ್ನೇ ನೆಚ್ಚಿ ಬದುಕಬಹುದು ಎಂಬ ಆಸೆ ಚಿಗುರಿತು. ಆದರೆ ಲೀಗಿಗೆ ರಾಷ್ಟ್ರೀಯ ಫೆಡರೇಷನ್ನಿನ ಮಾನ್ಯತೆ ಇರಲಿಲ್ಲ. 2017ರ ಹೊತ್ತಿಗೆ ನಾಲ್ಕು ಸೀಸನ್ ಮುಗಿದವು, ಮುಂದೆ ನಡೆಯಲಿಲ್ಲ. ಲೀಗಿನ ಜೊತೆ ತಂಡವೂ ಹೋಯಿತು.

ಭಾನುವಾರ ಇದನ್ನು ಹೇಳಿದಾಗ ಹುಡುಗನೊಬ್ಬ ಕೇಳಿದ: "ಕಪ್ ಗೆದ್ದ ತಂಡ ಹಂಗ ಹೋಗಂಗಿಲ್ಲಲ್ರಿ ಸರ?"

ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ ನೆನಪಿಸಿದೆ. ಐಪಿಎಲ್‌ನ ಮೊದಲ ವರ್ಷ 2008ರಲ್ಲಿ ಅದು ಕಟ್ಟಕಡೆಯ ಸ್ಥಾನದಲ್ಲಿತ್ತು. ಮರುವರ್ಷವೇ ಫೈನಲ್‌ನಲ್ಲಿ ನಮ್ಮ ಕುಂಬ್ಳೆ ನಾಯಕತ್ವದ ರಾಯಲ್ ಚಾಲೆಂಜರ್ಸ್ ತಂಡವನ್ನು 6 ರನ್‌ಗಳಿಂದ ಸೋಲಿಸಿ ಕಪ್ ಎತ್ತಿತು. 2012ರಲ್ಲಿ ಮಾಲೀಕ ಕಂಪನಿ ಸಾಲದಲ್ಲಿ ಸಿಕ್ಕಿತು, ಬಿಸಿಸಿಐ ಒಪ್ಪಂದ ರದ್ದು ಮಾಡಿತು. ಕಪ್ ಗೆದ್ದ ಮೂರೇ ವರ್ಷಕ್ಕೆ ತಂಡದ ಹೆಸರೇ ಅಳಿಯಿತು.

ನಾಗಸೇನ ಭಂತೆ ಮಿಲಿಂದ ರಾಜನಿಗೆ ರಥ ತೋರಿಸಿ ತಿಳಿಸಿದ್ದು ಇದನ್ನೇ. ಗಾಲಿ, ಅಚ್ಚು, ನೊಗ ಕೂಡಿದಾಗ ರಥ ಎನ್ನುತ್ತೇವೆ, ಬಿಡಿಸಿಟ್ಟರೆ ರಥ ಎಲ್ಲಿದೆ? ಆಟಗಾರರು, ತರಬೇತುದಾರ, ಹಣ, ಮಾನ್ಯತೆ, ಅಭಿಮಾನಿಗಳು ಕೂಡಿದರೆ ತಂಡ. ಕಡೆಗೀಲು ಬಿದ್ದರೆ ಎಷ್ಟೇ ಗಟ್ಟಿ ಬಂಡಿಯೂ ಉರುಳುತ್ತದೆ.

ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಅನಿತ್ಯವನ್ನು ಮೂರು ಬಗೆಯಾಗಿ ವಿವರಿಸುತ್ತಾರೆ. ಹಲವು ಕೂಡಿ ಆದದ್ದೆಲ್ಲ ಅನಿತ್ಯ ಎಂಬುದು ಅದರಲ್ಲೊಂದು. ಇದನ್ನು ಕೇಳಿ ಕುಗ್ಗಬೇಕಿಲ್ಲ. ಬದಲಾಗದ್ದು ಬೆಳೆಯುವುದೂ ಇಲ್ಲ. ಜಾತಿಯನ್ನೂ ಮನುಷ್ಯರೇ ಕೂಡಿಸಿ ಕಟ್ಟಿದ್ದಾರೆ, ಆದ್ದರಿಂದಲೇ ಅದನ್ನು ಬಿಚ್ಚಲು ಬರುತ್ತದೆ.

ನಮ್ಮ ಮಸ್ಕಿಯ ಬಂಡೆಯನ್ನು ಎಲ್ಲರೂ ನೋಡಿದ್ದೀರಿ. ಅಶೋಕನ ನಂತರ ಸುಮಾರು 50 ವರ್ಷಕ್ಕೆ ಮೌರ್ಯರ ಸಾಮ್ರಾಜ್ಯ ಮುಗಿಯಿತು. ಧಮ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರೂ ಪ್ರಯತ್ನಪಟ್ಟು ಪಡೆಯಬಲ್ಲರು ಎಂಬ ಆ ಶಾಸನದ ತಿರುಳು ಇಂದಿಗೂ ನಮಗೆ ಬೇಕು.

ಯಾಕೆಂದರೆ ನಮ್ಮ ಬಳಗಾನೂರಿನಲ್ಲಿ ವಿಹಾರಕ್ಕೆ ಒಬ್ಬರೇ ಪೂರ್ತಿ ಹಣ ಕೊಡುತ್ತಾರೆ ಎಂಬ ಮಾತು ನಡೆದಿದೆ. ಕೊಡಲಿ, ಸಂತೋಷ. ಆದರೆ ಚುನಾವಣೆ ಮುಗಿದ ಮೇಲೆ ಅವರು ಕೈಬಿಟ್ಟರೆ ದೀಪಕ್ಕೆ ಎಣ್ಣೆ ಹಾಕುವವರಾರು? ನಾಟಿ ಕೂಲಿಗೆ ಹೋಗುವ ಅಕ್ಕನೂ ಕೊಡಬಲ್ಲ 20 ರೂಪಾಯಿ, ಪ್ರತಿ ಮನೆಯಿಂದ, ಪ್ರತಿ ತಿಂಗಳು ಬರಲಿ. ಓದಿ ಹೇಳುವವನು ನಾನೊಬ್ಬನೇ ಇರುವುದೂ ಬೇಡ, ಐದು ಜನ ತಯಾರಾಗಲಿ, ಅವರಲ್ಲಿ ಹೆಣ್ಣುಮಕ್ಕಳೂ ಇರಲಿ. ಪರಿನಿಬ್ಬಾಣಕ್ಕೆ ಮುನ್ನ ಬುದ್ಧರು ಭಿಕ್ಷುಗಳಿಗೆ ಎಚ್ಚರ ತಪ್ಪದೆ ನಡೆಯಲು ಹೇಳಿದ್ದು ಇದಕ್ಕೇ.

*ಇಂದಿನ ಅಭ್ಯಾಸ:* ನಾನಿಲ್ಲದಿದ್ದರೂ ಬಳಗ ನಡೆಯುವಂತೆ ಯಾವ ಕೆಲಸವನ್ನು ಇನ್ನೊಬ್ಬರಿಗೆ ಕಲಿಸಿದ್ದೇನೆ? ಐದು ನಿಮಿಷ ಕುಳಿತು ಯೋಚಿಸಿ. ಉತ್ತರವನ್ನು ಭಾನುವಾರ ತನ್ನಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್ 🙏