ಕಾಲೇಜಿನ ಹೆಸರೂ ವಿದ್ಯಾರ್ಥಿಯ ಯೋಗ್ಯತೆಯೂ

ನಮ್ಮಲ್ಲಿ ಪಿ.ಯು.ಸಿ. ಮುಗಿಸಿದ ವಿದ್ಯಾರ್ಥಿಯು ನೀಟ್ ಪರೀಕ್ಷೆ ಬರೆದು ನೇರವಾಗಿ ಎಂ.ಬಿ.ಬಿ.ಎಸ್. ತರಗತಿಗೆ ಸೇರುತ್ತಾನೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಕ್ರಮವೇ ಬೇರೆ. ಅಲ್ಲಿ ಸಾಮಾನ್ಯವಾಗಿ ಮೊದಲು ನಾಲ್ಕು ವರ್ಷಗಳ ಪದವಿ, ಅನಂತರ ನಾಲ್ಕು ವರ್ಷಗಳ ವೈದ್ಯಕೀಯ ಶಿಕ್ಷಣ. ಪದವಿಯ ವಿಷಯ ಇತಿಹಾಸವಾಗಬಹುದು, ಸಂಗೀತವೂ ಆಗಬಹುದು. ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರಗಳ ನಿಗದಿತ ಪಾಠಗಳನ್ನು ಮುಗಿಸಿ ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆಯನ್ನು ಬರೆದಿರಬೇಕು. ಆದುದರಿಂದ ಹದಿನೇಳು ಹದಿನೆಂಟರ ವಯಸ್ಸಿನಲ್ಲಿಯೇ ಮನೆಯಲ್ಲಿ ಒಂದು ಪ್ರಶ್ನೆ ಏಳುತ್ತದೆ. ವೈದ್ಯನಾಗಬೇಕೆನ್ನುವ ಮಗುವನ್ನು ಸೇರಿಸಬೇಕಾದುದು ಹೆಸರುವಾಸಿಯಾದ ದುಬಾರಿ ಕಾಲೇಜಿಗೋ, ತಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಕ್ಕೋ? ಅಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಮೇಲ್ನೋಟಕ್ಕೆ ಇದು ಲೆಕ್ಕಾಚಾರದ ವಿಷಯ. ಒಳಹೊಕ್ಕು ನೋಡಿದರೆ ಇದರಲ್ಲಿ ಸತ್ಯಾಸತ್ಯದ ವಿಚಾರವೊಂದು ಅಡಗಿದೆ.

ಮೊದಲು ಲೆಕ್ಕವನ್ನೇ ನೋಡಬಹುದು. 2023-24ನೆಯ ಸಾಲಿನಲ್ಲಿ ಸುಮಾರು 52,500 ಮಂದಿ ಅರ್ಜಿ ಹಾಕಿದರು. ಸೇರಿದವರು ಸುಮಾರು 23,000. ಅರ್ಧಕ್ಕಿಂತ ಹೆಚ್ಚು ಜನರಿಗೆ ನಿರಾಶೆಯೇ ಗತಿ. ಆಯ್ಕೆಯಲ್ಲಿ ಪದವಿಯ ಅಂಕಗಳಿಗೂ 472ರಿಂದ 528ರವರೆಗೆ ಅಳೆಯುವ ಎಂಕ್ಯಾಟ್ ಪರೀಕ್ಷೆಗೂ ಹೆಚ್ಚಿನ ಬೆಲೆ. ಎಲ್ಲ ಕಾಲೇಜುಗಳ ಅಂಕಗಳನ್ನೂ ಕೇಂದ್ರ ಅರ್ಜಿ ವ್ಯವಸ್ಥೆಯು ಒಂದೇ ನಾಲ್ಕರ ಮಾನಕ್ಕೆ ಇಳಿಸುತ್ತದೆ. ಕಾಲೇಜು ದೊಡ್ಡದೆಂದು ಅದರಲ್ಲಿ ಒಂದು ಗುಂಜಿಯಷ್ಟೂ ಹೆಚ್ಚಿಗೆ ತೂಗುವುದಿಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವು 2004ರಲ್ಲಿ ‘ಎ’ ದರ್ಜೆಯ ಅಂಕಗಳನ್ನು ಶೇಕಡಾ 35ಕ್ಕೆ ಸೀಮಿತಗೊಳಿಸುವ ಗುರಿಯನ್ನು ಹಾಕಿಕೊಂಡಿತು. ಮುಂದಿನ ವ್ಯಾಸಂಗಕ್ಕೆ ಅರ್ಜಿ ಹಾಕುವಾಗ ಇತರರ ಮುಂದೆ ತಾವು ಹಿಂದುಳಿಯುತ್ತೇವೆಂದು ವಿದ್ಯಾರ್ಥಿಗಳು ಕಳವಳಪಟ್ಟರು. 2014ರಲ್ಲಿ ಆ ನಿಯಮವನ್ನು ಕೈಬಿಡಲಾಯಿತು. ವಾಸದ ರಾಜ್ಯವೂ ಲೆಕ್ಕಕ್ಕೆ ಬರುತ್ತದೆ. ಟೆಕ್ಸಾಸಿನ ಸರ್ಕಾರಿ ವೈದ್ಯಕೀಯ ಶಾಲೆಗಳಲ್ಲಿ ಹೊರರಾಜ್ಯದವರಿಗೆ ಶೇಕಡಾ ಹತ್ತಕ್ಕಿಂತ ಹೆಚ್ಚು ಸ್ಥಾನಗಳಿಲ್ಲ.

ಹಾಗೆಂದು ಹೆಸರಿಗೆ ಬೆಲೆಯೇ ಇಲ್ಲವೆನ್ನುವುದು ಏಕಪಕ್ಷೀಯವಾದೀತು. ಪ್ರಯೋಗಶಾಲೆ, ಹತ್ತಿರದ ಆಸ್ಪತ್ರೆ, ಸಲಹೆ ನೀಡುವ ಹಿರಿಯರು ಇವೆಲ್ಲ ದೊಡ್ಡ ಕಾಲೇಜುಗಳಲ್ಲಿ ಸುಲಭವಾಗಿ ದೊರೆಯುತ್ತವೆ. ಆದರೆ ಅಂಥ ಕಾಲೇಜು ಮೊದಲೇ ಆರಿಸಿ ತೆಗೆದುಕೊಂಡದ್ದು ಚುರುಕಾದ ಮಕ್ಕಳನ್ನು. ಕೊನೆಗೆ ಅವರು ಗೆದ್ದಾಗ, ಗೆಲುವು ಕಾಲೇಜಿನದೋ ಮಕ್ಕಳದೋ? ಸ್ಟೇಸಿ ಡೇಲ್ ಮತ್ತು ಆಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಗಂಟನ್ನು ಬಿಡಿಸಲು ಯತ್ನಿಸಿತು. ಒಂದೇ ಬಗೆಯ ಕಾಲೇಜುಗಳಿಗೆ ಅರ್ಜಿ ಹಾಕಿ ಒಂದೇ ಬಗೆಯ ಉತ್ತರ ಪಡೆದವರಲ್ಲಿ, ಹೆಚ್ಚು ಹೆಸರಿನ ಕಾಲೇಜಿಗೆ ಹೋದವರಿಗೂ ಹೋಗದವರಿಗೂ ಮುಂದಿನ ಸಂಪಾದನೆಯಲ್ಲಿ ಹೆಚ್ಚಿನ ಅಂತರ ಕಾಣಲಿಲ್ಲ. ಬಡ ಕುಟುಂಬದ ಮಕ್ಕಳಿಗೆ ಮಾತ್ರ ಹೆಸರಿನಿಂದ ಲಾಭವಾಗಿತ್ತು. ಅದು ವೈದ್ಯಕೀಯ ಪ್ರವೇಶವನ್ನು ಕುರಿತ ಅಧ್ಯಯನವಲ್ಲ ನಿಜ. ಆದರೂ ಕಾಲೇಜು ಕೊಟ್ಟದ್ದೆಷ್ಟು, ಮಗು ತಂದದ್ದೆಷ್ಟು ಎಂಬ ಪ್ರಶ್ನೆ ಎರಡೂ ಕಡೆ ಒಂದೇ.

ಇನ್ನು ವಿಚಾರದ ತಿರುಳು. ‘ನಮ್ಮ ಅರ್ಜಿದಾರರಲ್ಲಿ ಶೇಕಡಾ ಇಷ್ಟು ಮಂದಿಗೆ ಪ್ರವೇಶ ದೊರೆಯಿತು’ ಎಂದು ಕಾಲೇಜುಗಳು ಪ್ರಚಾರ ಮಾಡುವುದುಂಟು. ಕೆಲವು ಕಾಲೇಜುಗಳಲ್ಲಿ ಅಧ್ಯಾಪಕರ ಸಮಿತಿಯೊಂದು ಪ್ರತಿ ವಿದ್ಯಾರ್ಥಿಯನ್ನು ಕುರಿತು ಶಿಫಾರಸು ಪತ್ರ ಬರೆಯುತ್ತದೆ. ಅವುಗಳಲ್ಲಿ ಕೆಲವು, ಅಂಕ ಕಡಿಮೆಯಿರುವವರಿಗೆ ಪತ್ರವನ್ನೇ ಕೊಡುವುದಿಲ್ಲ. ಸಮಿತಿಯಿರುವ ಕಾಲೇಜಿನಿಂದ ಪತ್ರವಿಲ್ಲದೆ ಬಂದವನನ್ನು ವೈದ್ಯಕೀಯ ಶಾಲೆಯು ಸಂಶಯದಿಂದ ನೋಡುವುದು ಸಹಜ. ಅನೇಕರು ಅರ್ಜಿ ಹಾಕುವುದನ್ನೇ ಬಿಡುತ್ತಾರೆ. ಇದಕ್ಕೂ ಮುಂಚೆ, ಮೊದಲೆರಡು ವರ್ಷಗಳ ರಸಾಯನಶಾಸ್ತ್ರದ ತರಗತಿಗಳಲ್ಲಿಯೇ ಸೋತು ದಾರಿ ಬದಲಿಸಿದವರು ಲೆಕ್ಕದಲ್ಲಿ ಎಲ್ಲಿಯೂ ಇಲ್ಲ. ಉಳಿದವರಲ್ಲಿ ತೊಂಬತ್ತು ಮಂದಿ ಗೆದ್ದರೆ ‘ಶೇಕಡಾ ತೊಂಬತ್ತು’ ಎಂಬುದು ಅಕ್ಷರಶಃ ನಿಜ. ಮೂಟೆಯ ಬಾಯಲ್ಲಿ ಗಟ್ಟಿಕಾಳನ್ನಿಟ್ಟು ಮಾದರಿ ತೋರಿಸುವ ವ್ಯಾಪಾರಿಯೂ ಸುಳ್ಳು ಹೇಳುವುದಿಲ್ಲ. ಕೊಳ್ಳುವವನು ಮೋಸಹೋಗುವುದು ಮಾತ್ರ ತಪ್ಪುವುದಿಲ್ಲ. ಇಲ್ಲಿ ಜೊಳ್ಳೆಂದು ಬದಿಗೆ ಸರಿಸಿದ್ದಾದರೋ ಕಾಳಲ್ಲ, ಒಬ್ಬ ತರುಣನ ಅಥವಾ ತರುಣಿಯ ಬಾಳು.

ಕಾಲೇಜಿನವರ ಸಮಾಧಾನವನ್ನೂ ಕೇಳಬೇಕು. ಗೆಲ್ಲಲಾರದವನನ್ನು ಖರ್ಚಿಗೂ ಅವಮಾನಕ್ಕೂ ಗುರಿಮಾಡುವುದು ದಯೆಯಲ್ಲವೆಂಬುದು ಅವರ ವಾದ, ಅದರಲ್ಲಿ ಹುರುಳಿದೆ. ಆದರೆ ಆ ಮಾತನ್ನು ಅವನಿಗೆ ಮುಖಾಮುಖಿ ಹೇಳಿ ನಿರ್ಧಾರವನ್ನು ಅವನಿಗೇ ಬಿಡುವುದು ಒಂದು. ತಮ್ಮ ಅಂಕಿಅಂಶ ಕೆಡದಿರಲೆಂದು ಬಾಗಿಲು ಹಾಕುವುದು ಇನ್ನೊಂದು. ಹೊರಗಿನಿಂದ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಆ ಅಂಕಿಯನ್ನು ಮರುವರ್ಷದ ಪ್ರಚಾರಪತ್ರದಲ್ಲಿ ಅಚ್ಚುಹಾಕಿಸಿದಾಗ ಮಾತ್ರ ಉದ್ದೇಶವು ಹೊರಬೀಳುತ್ತದೆ.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ಇದೆ. ನ್ಯೂ ಆರ್ಲಿಯನ್ಸ್ ನಗರದ ಜೇವಿಯರ್ ವಿಶ್ವವಿದ್ಯಾಲಯವು ದೊಡ್ಡದಲ್ಲ, ಶ್ರೀಮಂತವೂ ಅಲ್ಲ. ಕ್ಯಾಥರೀನ್ ಡ್ರೆಕ್ಸೆಲ್ ಎಂಬ ಸಂನ್ಯಾಸಿನಿಯು ಆಫ್ರಿಕನ್-ಅಮೆರಿಕನ್ ಮಕ್ಕಳಿಗಾಗಿ ಆರಂಭಿಸಿದ ಶಾಲೆಯೊಂದು 1925ರಲ್ಲಿ ಕಾಲೇಜಾಗಿ ಬೆಳೆಯಿತು. ಆ ಜನಾಂಗದ ವಿದ್ಯಾರ್ಥಿಗಳನ್ನು ವೈದ್ಯಕೀಯ ಶಿಕ್ಷಣಕ್ಕೆ ಕಳುಹಿಸುವುದರಲ್ಲಿ ಅದು ಅನೇಕ ವರ್ಷಗಳಿಂದ ಇಡೀ ದೇಶದಲ್ಲಿಯೇ ಮುಂಚೂಣಿಯಲ್ಲಿದೆ. ದುರ್ಬಲ ಶಾಲೆಗಳಿಂದ ಬಂದವರೂ ಅಲ್ಲಿ ಬಹಳ ಮಂದಿ. ಅವರನ್ನು ಸೋಸಿ ತೆಗೆಯುವ ಬದಲು, ಗುಂಪಾಗಿ ಕೂಡಿಸಿ ಓದಿಸುವುದು, ಪದೇ ಪದೇ ಅಭ್ಯಾಸ ಮಾಡಿಸುವುದು, ಬಲ್ಲವನು ಅರಿಯದವನಿಗೆ ಕಲಿಸುವುದು ಅಲ್ಲಿನ ಪದ್ಧತಿ.

ತಂದೆತಾಯಿಗಳ ಪಾಲೂ ಇಲ್ಲಿ ಕಡಿಮೆಯದಲ್ಲ. ಪ್ರತಿಷ್ಠಿತ ಖಾಸಗಿ ಕಾಲೇಜುಗಳ ಒಂದು ವರ್ಷದ ವೆಚ್ಚ ಈಗ 80,000 ಡಾಲರನ್ನು ಮೀರಿದೆ. ಮುಂದೆ ವೈದ್ಯಕೀಯ ಶಿಕ್ಷಣಕ್ಕಾಗಿ ಸಾಲ ಮಾಡುವವರ ತಲೆಯ ಮೇಲೆ ಸಾಮಾನ್ಯವಾಗಿ ಎರಡು ಲಕ್ಷ ಡಾಲರಿನಷ್ಟು ಹೊರೆ ಕೂಡುತ್ತದೆ. ಮದುವೆಮನೆಯಲ್ಲಿ ನಾಲ್ಕು ಜನರೆದುರು ಹೇಳಿಕೊಳ್ಳಲು ಒಂದು ಹೆಸರು ಬೇಕೆಂದು ಮೊದಲ ಸಾಲ ಮಾಡಿದ್ದರೆ, ಅದನ್ನು ತೀರಿಸುವವರು ಹೇಳಿಕೊಂಡವರಲ್ಲ, ಮಕ್ಕಳು. ಕಾಲೇಜನ್ನು ನೋಡಲು ಹೋದ ಹಿರಿಯರು ಕಟ್ಟಡಗಳನ್ನು ಸುತ್ತುವ ಮೊದಲು ಮೂರು ಸಂಖ್ಯೆಗಳನ್ನು ಕೇಳಬಹುದು: ವೈದ್ಯರಾಗುವ ಆಸೆಯಿಂದ ಮೊದಲ ವರ್ಷ ಸೇರಿದವರೆಷ್ಟು, ಅವರಲ್ಲಿ ಅರ್ಜಿ ಹಾಕಿದವರೆಷ್ಟು, ಪತ್ರ ನಿರಾಕರಿಸಲ್ಪಟ್ಟವರೆಷ್ಟು. ಉತ್ತರ ಕೊಡದ ಕಾಲೇಜಿನ ಶೇಕಡಾವಾರನ್ನು ಲೆಕ್ಕದಿಂದ ಬಿಟ್ಟು, ಉಳಿದವುಗಳನ್ನು ಮಗುವಿನೊಡನೆ ಕುಳಿತು ತೂಗಿ ನೋಡಬಹುದು.