ಹೊಸ್ತಿಲು ದಾಟಿದ ಮಾತು

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ನಾನು ಎಷ್ಟೋ ಸಲ ಮಕ್ಕಳಿಗೆ ವಿಸ್ತರಿಸಿ ಬರೆಯಲು ಕೊಟ್ಟಿದ್ದೇನೆ. ಸಂಸಾರದಲ್ಲಿ ಸಣ್ಣಪುಟ್ಟ ಮನಸ್ತಾಪ ಸಹಜ, ಅದು ಬೆಳಗಾಗುವಷ್ಟರಲ್ಲಿ ಕರಗುತ್ತದೆ ಎಂದು ಬರೆದವರಿಗೆಲ್ಲ ಪೂರ್ತಿ ಅಂಕ ಕೊಟ್ಟಿದ್ದೇನೆ. ಉಂಡು ಮಲಗಿ ಎದ್ದ ಮೇಲೂ ಮುಗಿಯದ ಜಗಳಕ್ಕೆ ಏನು ಮಾಡಬೇಕು ಎಂದು ಯಾವ ಮಗುವೂ ಕೇಳಲಿಲ್ಲ. ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ.

ಕೇಳಿದವಳು ನನ್ನ ಚಿಕ್ಕಮ್ಮನ ಮಗಳು. ಅವಳನ್ನು ಸಿರುಗುಪ್ಪಕ್ಕೆ ಕೊಟ್ಟಿದೆ. ಗಂಡ ಕುಡಿಯುವವನಲ್ಲ, ಹೊಡೆಯುವವನಲ್ಲ. ಭತ್ತದಲ್ಲಿ ನಷ್ಟವಾಗಿ ಸಾಲ ಮೈಮೇಲೆ ಬಂದ ವರ್ಷದಿಂದ ಮಾತು ಬಿಟ್ಟಿದ್ದ, ಅಷ್ಟೆ. ಊಟಕ್ಕೆ ಕೂರುವನು, ಏಳುವನು. ಹನ್ನೊಂದು ತಿಂಗಳು ಆ ಮನೆಯಲ್ಲಿ ಪಾತ್ರೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಇವಳಿಗೆ ನಿದ್ದೆ ಹೋಯಿತು. ಆಮೇಲೆ ಹಸಿವೂ ಹೋಯಿತು.

ಒಂದು ದಿನ ಫೋನು ಮಾಡಿದಳು. "ಅಕ್ಕಾ, ಬಳ್ಳಾರ್ಯಾಗ ಒಬ್ರು ಕೌನ್ಸೆಲಿಂಗ್ ಮಾಡ್ತಾರಂತ. ಹೋಗಿ ಬರಬೇಕಂತ ಮಾಡೀನಿ. ನೀನು ಜೊತೀಗೆ ಬರ್ತೀ ಏನು?"

"ಮನ್ಯಾಗಿನ ಮಾತು ಹೊರಗಿನವರ ಮುಂದ ಹೇಳ್ತೀ ಏನು? ನಾವೆಲ್ಲಾ ಅದೀವಲ್ಲ" ಎಂದೆ. ಪ್ರೀತಿಯಿಂದಲೇ ಅಂದೆ. ಅವಳು ಆಗ ನನ್ನ ಮುಂದೆ ಎಲ್ಲವನ್ನೂ ಹೇಳಿ ಅತ್ತಳು. ಸಮಾಧಾನ ಹೇಳಿ, ಹೊಂದಿಕೊಂಡು ಹೋಗು ಎಂದು ಫೋನಿಟ್ಟೆ.

ಮುಂದೆ ನಾನು ಮಾಡಿದ್ದನ್ನು ಬರೆಯಲು ಸಂಕೋಚವಾಗುತ್ತದೆ. ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಯಲ್ಲಿ ಚಿಕ್ಕಮ್ಮ ಸಿಕ್ಕಳು. ಮಗಳ ವಿಷಯ ತಾಯಿಗೆ ತಿಳಿದಿರಲಿ ಎಂದು, ತೇರಿನ ಗದ್ದಲದ ನಡುವೆಯೇ ಎಲ್ಲವನ್ನೂ ಹೇಳಿಬಿಟ್ಟೆ. ಚಿಕ್ಕಮ್ಮ ತನ್ನ ಅಕ್ಕನ ಮುಂದೆ, ಅವಳು ತನ್ನ ಸೊಸೆಯ ಮುಂದೆ. ವಾರದೊಳಗೆ ಮಾತು ಸಿರುಗುಪ್ಪಕ್ಕೆ ವಾಪಸು ಹೋಯಿತು. ಮಗನ ಮಾನವನ್ನು ಬೀದಿಗೆ ಹಾಕಿದಳು ಎಂದು ಅತ್ತೆ ಇವಳ ಕೈಯ ನೀರು ಕುಡಿಯುವುದನ್ನೂ ಬಿಟ್ಟರು.

ಅವಳು ನನ್ನ ಮೇಲೆ ಕೂಗಾಡಲಿಲ್ಲ. "ಅಕ್ಕಾ, ಹೊರಗಿನವರ ಮುಂದ ಹೇಳಬ್ಯಾಡ ಅಂದ್ಯಲ್ಲ. ನಾನು ಹೇಳಲಿಲ್ಲ. ಒಳಗಿನವರ ಮುಂದನ ಹೇಳಿದ್ದೆ" ಎಂದಳು.

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಒಳಗಿನವರು ಯಾರು, ಹೊರಗಿನವರು ಯಾರು? ರಕ್ತಸಂಬಂಧವಿದ್ದವರು ಒಳಗಿನವರು ಎಂದು ನಾವು ನಂಬಿದ್ದೇವೆ. ಆದರೆ ಮಾತನ್ನು ಕಾಯುವುದು ರಕ್ತವಲ್ಲ, ಶಿಸ್ತು. ನನಗೆ ಪ್ರೀತಿ ಇತ್ತು, ಆ ಶಿಸ್ತು ಇರಲಿಲ್ಲ. ಬಂಧುಗಳಿಗೆ ಇನ್ನೊಂದು ತೊಡಕೂ ಇದೆ. ನಾವು ಯಾರದಾದರೂ ಪಕ್ಷದವರು. ತವರಿನವಳಾದ ನನಗೆ ಅವಳ ಗಂಡನ ಮೌನ ಸೊಕ್ಕಿನಂತೆ ಕಂಡಿತೇ ಹೊರತು, ಅದು ನಾಚಿಕೆ ಇರಬಹುದು, ಕಾಯಿಲೆ ಇರಬಹುದು ಎಂದು ಹೊಳೆಯಲೇ ಇಲ್ಲ.

ಹಾಗೆ ನೋಡಿದರೆ ಈ ವಿಷಯದಲ್ಲಿ ನಾಚಿಕೆಪಡಲು ಬಳ್ಳಾರಿ ಜಿಲ್ಲೆಯವರಾದ ನಮಗೆ ಕಾರಣವೇ ಇಲ್ಲ. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ 1982ರಲ್ಲಿ ಆರಂಭವಾದ ಮೇಲೆ, ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ನೋಡಲು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಆರಿಸಿಕೊಂಡದ್ದು ನಮ್ಮ ಜಿಲ್ಲೆಯನ್ನು. 1985ರಿಂದ 1990ರವರೆಗೆ ಇಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮನಸ್ಸಿನ ಕಾಯಿಲೆಗಳನ್ನು ಗುರುತಿಸುವ ತರಬೇತಿ ಕೊಟ್ಟು, ಔಷಧಿಯನ್ನು ಹಳ್ಳಿಯ ಹತ್ತಿರಕ್ಕೇ ತಂದರು. ಅದಕ್ಕೆ 'ಬಳ್ಳಾರಿ ಮಾದರಿ' ಎಂದೇ ಹೆಸರಾಯಿತು. 1996ರಲ್ಲಿ ಬೇರೆ ರಾಜ್ಯಗಳ ಜಿಲ್ಲೆಗಳಲ್ಲಿ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಇದನ್ನೇ ಅನುಸರಿಸಿ. ಆ ವರ್ಷಗಳಲ್ಲಿ ನಾನು ಓದುವ ಹುಡುಗಿ. ನಮ್ಮ ಓಣಿಯಲ್ಲಿ ಮಂಕಾಗಿ ಕೂತ ಹೆಣ್ಣುಮಗಳಿಗೆ ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸುತ್ತಿದ್ದರು. ದೇಶಕ್ಕೆ ಮಾದರಿಯಾದದ್ದು ನಮ್ಮ ಓಣಿಗೆ ತಿಳಿದಿರಲಿಲ್ಲ.

ಕೊನೆಗೆ ನಾನೇ ಅವಳ ಜೊತೆ ಹೋದೆ. ಒಳಗೆ ಹೋಗಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತೆ. ಆ ಬೆಂಚಿನ ಮೇಲೆ, ಆಮೇಲೆ ಓದಿ ಕೇಳಿ ತಿಳಿದುಕೊಂಡ ಕೆಲವು ಸಂಗತಿಗಳನ್ನು ಹೇಳುತ್ತೇನೆ. ನಮ್ಮಲ್ಲಿ ಯಾರಾದರೊಬ್ಬರಿಗೆ ಬೇಕಾದೀತು.

ಮೊದಲನೆಯದು, ಯಾರ ಹತ್ತಿರ ಹೋಗುತ್ತಿದ್ದೇವೆ ಎಂಬುದು. ಮನೋವೈದ್ಯರು ವೈದ್ಯಪದವಿ ಪಡೆದವರು, ಔಷಧಿ ಬರೆಯುವವರು. ಕ್ಲಿನಿಕಲ್ ಸೈಕಾಲಜಿಸ್ಟರು ಮಾತಿನ ಮೂಲಕ ಚಿಕಿತ್ಸೆ ಕೊಡುವವರು. ಅವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ಆಪ್ತಸಲಹೆಗಾರರು ಎಂಬ ಬೋರ್ಡನ್ನು ಮಾತ್ರ ಯಾರು ಬೇಕಾದರೂ ಹಾಕಿಕೊಳ್ಳುವುದುಂಟು. ಆದ್ದರಿಂದ ಏನು ಓದಿದ್ದೀರಿ, ಎಷ್ಟು ವರ್ಷದಿಂದ ಮಾಡುತ್ತಿದ್ದೀರಿ, ಒಂದು ಸಲಕ್ಕೆ ಎಷ್ಟು ಕೊಡಬೇಕು, ಸುಮಾರು ಎಷ್ಟು ಸಲ ಬರಬೇಕು ಎಂದು ಕೇಳಲು ಹಿಂಜರಿಯಬಾರದು. ಸೀರೆ ಕೊಳ್ಳುವಾಗ ಸೆರಗು ಬಿಡಿಸಿ ನೋಡುವ ನಾವು ಇಲ್ಲೇಕೆ ಬಾಯಿ ಮುಚ್ಚಿಕೊಳ್ಳಬೇಕು?

ಎರಡನೆಯದು, ಗುಟ್ಟಿನ ವಿಚಾರ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಚಿಕಿತ್ಸೆ ಕೊಡುವವರು ನಮ್ಮ ವಿಷಯವನ್ನು ಗುಟ್ಟಾಗಿಡಬೇಕು. ಜೀವಕ್ಕೆ ಅಪಾಯವಿದೆ ಎನ್ನಿಸಿದಾಗ, ನ್ಯಾಯಾಲಯ ಕೇಳಿದಾಗ, ಹೀಗೆ ಕೆಲವು ಸಂದರ್ಭಗಳಲ್ಲಿ ಮಾತ್ರ ವಿನಾಯಿತಿ. ಗಂಡ ಹೆಂಡತಿ ಇಬ್ಬರೂ ಹೋಗುವುದಾದರೆ ಇನ್ನೊಂದು ಪ್ರಶ್ನೆಯನ್ನು ಮೊದಲೇ ಕೇಳಬೇಕು: ನಾನೊಬ್ಬಳೇ ಇದ್ದಾಗ ಹೇಳಿದ್ದನ್ನು ಅವರಿಗೆ ಹೇಳುತ್ತೀರಾ? ಇದರಲ್ಲಿ ಒಬ್ಬೊಬ್ಬರ ಪದ್ಧತಿ ಒಂದೊಂದು. ಹೇಳಿದ ಮೇಲೆ ತಿಳಿದುಕೊಂಡರೆ ಪ್ರಯೋಜನವಿಲ್ಲ.

ಮೂರನೆಯದೇ ಕಷ್ಟದ್ದು. ನಾವು ಅಲ್ಲಿಗೆ ಹೋಗುವಾಗ ನ್ಯಾಯ ಕೇಳಲು ಪಂಚಾಯಿತಿ ಕಟ್ಟೆಗೆ ಹೋದ ಹಾಗೆ ಹೋಗುತ್ತೇವೆ. ತಪ್ಪು ಇವರದು ಎಂದು ಯಾರಾದರೂ ಹೇಳಬೇಕು. ಆದರೆ ಅಲ್ಲಿ ಕೂತವರು ತೀರ್ಪು ಕೊಡುವವರಲ್ಲ. ನನ್ನ ತಂಗಿ ಮೊದಲ ದಿನ ಹೊರಗೆ ಬಂದಾಗ ಮುಖ ಊದಿಸಿಕೊಂಡಿದ್ದಳು. "ಅವರದು ತಪ್ಪು ಅಂತ ಒಂದು ಮಾತೂ ಅನ್ನಲಿಲ್ಲ. ನೀವೇನು ಮಾಡಿದ್ರಿ ಅಂತ ನನ್ನನ್ನ ಕೇಳ್ತಾರ" ಎಂದಳು. ಇನ್ನೊಬ್ಬರನ್ನು ತಿದ್ದಿಸಲು ಹೋದವರಿಗೆ ಕನ್ನಡಿ ಹಿಡಿದರೆ ಸಿಟ್ಟು ಬರುವುದು ಸಹಜ. ಒಂದೆರಡು ಸಲಕ್ಕೇ ಎಲ್ಲ ಸರಿಹೋಗುವುದಿಲ್ಲ. ಕೆಲವೊಮ್ಮೆ ಮೊದಮೊದಲು ನೋವು ಹೆಚ್ಚೇ ಆಗುತ್ತದೆ. ಹಾಗೆಂದು ಅವಮಾನವಾಗುವಂತೆ ಮಾತಾಡುವವರನ್ನು ಸಹಿಸಬೇಕಾಗಿಲ್ಲ, ಬೇರೆಯವರ ಹತ್ತಿರ ಹೋಗಬಹುದು.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕು. ಹೊಡೆತ ಬಡಿತ, ಬೆದರಿಕೆ ಇರುವ ಮನೆಯಲ್ಲಿ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸುವುದು ಮೊದಲ ದಾರಿಯಲ್ಲ. ಅಲ್ಲಿ ಹೇಳಿದ ನಿಜಕ್ಕೆ ಮನೆಗೆ ಬಂದ ಮೇಲೆ ಬೆಲೆ ತೆರಬೇಕಾಗುತ್ತದೆ. ಅಂಥವಳಿಗೆ ಮೊದಲು ಬೇಕಾದದ್ದು ರಕ್ಷಣೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ, 181 ಎಂಬ ಸಹಾಯವಾಣಿ ಇದೆ. ಅವಳಿಗೆ ಹೊಂದಿಕೊಂಡು ಹೋಗು ಎನ್ನುವುದು ಬುದ್ಧಿವಾದವಲ್ಲ, ನಮ್ಮ ಹೇಡಿತನ.

ಹಣವಿಲ್ಲದವರು, ಹೋಗಲು ಧೈರ್ಯ ಸಾಲದವರು 14416ಕ್ಕೆ ಫೋನು ಮಾಡಿ ಕನ್ನಡದಲ್ಲೇ ಮಾತಾಡಬಹುದು. 2022ರಲ್ಲಿ ಆರಂಭವಾದ ಈ ಟೆಲಿ ಮಾನಸ್ ಸೇವೆಗೆ ಹಣ ಕೊಡಬೇಕಾಗಿಲ್ಲ. ಸರಕಾರಿ ಜಿಲ್ಲಾ ಆಸ್ಪತ್ರೆಯಲ್ಲೂ ಮನೋವೈದ್ಯರಿರುತ್ತಾರೆ.

ತಂಗಿಯ ಗಂಡ ಮೊದಲು ಬರಲಿಲ್ಲ. ಒಬ್ಬರೇ ಬಂದರೂ ಶುರು ಮಾಡಬಹುದು ಎಂದರಂತೆ, ಅವಳೊಬ್ಬಳೇ ಹೋದಳು. ನಾಲ್ಕನೆಯ ಸಲ ಅವನೂ ಬಂದ. ನನ್ನ ಪಕ್ಕದ ಬೆಂಚಿನಲ್ಲಿ ಕೂತು, ಎಷ್ಟೋ ಹೊತ್ತಿನ ಮೇಲೆ, "ಸಾಲ ಎಷ್ಟೈತಿ ಅಂತ ಅಕಿಗೆ ಹೇಳಾಕ ಮುಖ ಇರಲಿಲ್ರಿ ಅಕ್ಕಾರ" ಎಂದ. ಸೊಕ್ಕು ಎಂದು ನಾನು ಅಂದುಕೊಂಡಿದ್ದರ ಅರ್ಥ ಅಷ್ಟೇ ಆಗಿತ್ತು. ಅವನನ್ನು ಮನೋವೈದ್ಯರಿಗೂ ತೋರಿಸಿ ಆರು ತಿಂಗಳು ಮಾತ್ರೆ ಕೊಡಿಸಿದರು. ಸಾಲ ಇನ್ನೂ ಇದೆ. ಜಗಳವೂ ಇದೆ. ಆದರೆ ಈಗ ಅದಕ್ಕೆ ಬಾಯಿ ಬಂದಿದೆ.

ಅವನು ಅಂದು ಬೆಂಚಿನ ಮೇಲೆ ಹೇಳಿದ್ದನ್ನು ನಾನು ಚಿಕ್ಕಮ್ಮನಿಗೆ ಹೇಳಿಲ್ಲ. ಇಲ್ಲಿ ಬರೆಯುವ ಮುಂಚೆ ಇಬ್ಬರನ್ನೂ ಕೇಳಿದೆ. ತಂಗಿ ನಕ್ಕು, "ಈಗ ಕೇಳಾಕತ್ತೀಯಲ್ಲ ಅಕ್ಕಾ, ಅಷ್ಟು ಸಾಕು. ಬರಿ" ಎಂದಳು. ಕ್ಷಮೆಯನ್ನು ಅವಳು ಕೊಟ್ಟಿದ್ದು ಹಾಗೆ.

ಮನೆಯ ಮಾತು ಹೊಸ್ತಿಲು ದಾಟಬಾರದು ಎಂದು ನಮಗೆ ಕಲಿಸಿದ ಹಿರಿಯರು ಮನೆಯ ಮಾನ ಕಾಯಲು ಹೇಳಿದರು, ಸರಿಯೇ. ಆದರೆ ಮನೆಯೊಳಗಿನ ಜೀವಗಳನ್ನು ಬಿಟ್ಟು ಮನೆಗೆ ಬೇರೆ ಮಾನವೆಲ್ಲಿದೆ? ಮಾತು ಎಲ್ಲಿಗೆ ಹೋಯಿತು ಎನ್ನುವುದಕ್ಕಿಂತ ಯಾರ ಕೈಗೆ ಹೋಯಿತು ಎನ್ನುವುದು ದೊಡ್ಡದು. ಈ ವರ್ಷವೂ ಆ ಗಾದೆಯನ್ನು ಮಕ್ಕಳಿಗೆ ಕೊಟ್ಟೆ. ಬರೆದ ಮೇಲೆ, ಉಂಡು ಮಲಗಿದರೂ ಮುಗಿಯದಿದ್ದರೆ ಏನು ಮಾಡಬೇಕು ಎಂದು ನಾನೇ ಕೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತಲೆ ಎತ್ತಿ ನೋಡಿದಳು. ಏನೂ ಹೇಳಲಿಲ್ಲ. ಬೆಲ್ಲಾದ ಮೇಲೆ ಎಲ್ಲರೂ ಹೋದರೂ ಅವಳು ನಿಂತಿದ್ದಳು. ನಾನು ಬಾಗಿಲು ಮುಂದೆ ಮಾಡಿ ಕೂತೆ.