ಅಪ್ರಸ್ತುತ ಪ್ರಸಂಗ

ಸತ್ಯವಾದ ಮಾತೂ ದೋಷವಾಗಬಲ್ಲುದೇ? ಆಗಬಲ್ಲುದೆಂದೇ ಶಾಸ್ತ್ರಕಾರರ ಅಭಿಪ್ರಾಯ. ಗೌತಮರ ನ್ಯಾಯಸೂತ್ರಗಳು ವಾದಿಯ ಪರಾಜಯಕ್ಕೆ ಕಾರಣವಾಗುವ 22 ನಿಗ್ರಹಸ್ಥಾನಗಳನ್ನು ಎಣಿಸುತ್ತವೆ. ಅವುಗಳಲ್ಲಿ 'ಅರ್ಥಾಂತರ'ವೂ ಒಂದು. ಎಂದರೆ, ಪ್ರಕೃತ ವಿಷಯವನ್ನು ಬಿಟ್ಟು ಸಂಬಂಧವಿಲ್ಲದುದನ್ನು ಹೇಳುವುದು. ಭಾಷ್ಯಕಾರರಾದ ವಾತ್ಸ್ಯಾಯನರು ಇದಕ್ಕೆ ಸೊಗಸಾದ ನಿದರ್ಶನವನ್ನಿತ್ತಿದ್ದಾರೆ. ಶಬ್ದವು ನಿತ್ಯವೆಂದು ಸಾಧಿಸಹೊರಟವನು ತನ್ನ ಹೇತುವನ್ನು ಹೇಳಿದೊಡನೆಯೇ, 'ಹೇತು' ಎಂಬ ಪದದ ಧಾತುವಾವುದು, ಪ್ರತ್ಯಯವಾವುದು ಎಂದು ವಿವರಿಸತೊಡಗುತ್ತಾನೆ. ವ್ಯಾಕರಣವೇನೋ ಸರಿಯೇ, ಶಬ್ದದ ನಿತ್ಯತ್ವ ಮಾತ್ರ ಸಿದ್ಧವಾಗಲಿಲ್ಲ.

ನಮ್ಮ ಸಭೆಗಳಲ್ಲಿಯೂ ಹೀಗಾಗುವುದುಂಟು. ಏಕಾದಶಿಯ ನಿರ್ಣಯವನ್ನು ತಿಳಿಯಲು ಸೇರಿದವರ ನಡುವೆ ಊರಿನ ರಾಜಕೀಯ ತಲೆಯೆತ್ತುತ್ತದೆ. ಆಡಿದ ಮಾತು ಸುಳ್ಳಲ್ಲದಿರಬಹುದು. ಆದರೆ ಸಂಶಯವನ್ನು ಹೊತ್ತು ಬಂದವನು ಅದನ್ನು ಹೊತ್ತೇ ಮನೆಗೆ ಹಿಂದಿರುಗುತ್ತಾನೆ. ಅವನಿಗೆ ಸಲ್ಲಬೇಕಾಗಿದ್ದ ಕಾಲವನ್ನು ಅಪಹರಿಸಿದಂತಾಯಿತು.

ಹಾಗೆಂದು ಕಂಡಕಂಡವರ ಬಾಯಿ ಮುಚ್ಚಿಸುವುದು ನ್ಯಾಯವೇ? ಉತ್ತರ ತೋಚದ ಪ್ರಶ್ನೆಯನ್ನೆಲ್ಲ 'ಅಪ್ರಸ್ತುತ'ವೆಂದು ತಳ್ಳಿಬಿಡುವುದು ಬಹಳ ಸುಲಭ. ವಾದವನ್ನು ಪರಿಶೀಲಿಸುವ ಪ್ರಾಶ್ನಿಕರು ರಾಗದ್ವೇಷರಹಿತರೂ ವಿದ್ಯಾವಿಶಾರದರೂ ಆಗಿರಬೇಕೆಂದು ಶ್ರೀಮದಾಚಾರ್ಯರು 'ಕಥಾಲಕ್ಷಣ'ದಲ್ಲಿ ವಿಧಿಸಿರುವುದು ಇಲ್ಲಿ ಸ್ಮರಣೀಯ. ತಡೆಯುವವನಿಗೆ ಮೊದಲು ಆ ಯೋಗ್ಯತೆ ಬೇಕು. ಈ ಮಾತು ತನಗೆ ಅಪ್ರಿಯವೋ, ವಿಷಯಕ್ಕೆ ಅಸಂಗತವೋ ಎಂದು ಅವನು ತನ್ನನ್ನೇ ಕೇಳಿಕೊಳ್ಳಬೇಕು. ಅಸಂಗತವೆಂದು ನಿಶ್ಚಯವಾದಲ್ಲಿ ಸಂಕೋಚವಿಲ್ಲದೆ ನಿಲ್ಲಿಸಬೇಕು. ಯೋಗ್ಯವಾದ ಮಾತಾದರೆ ಅದಕ್ಕೆ ಬೇರೊಂದು ದಿನವನ್ನು ಗೊತ್ತುಮಾಡಿಕೊಡಬೇಕು. ಆಗ ಆಡಿದವನಿಗೆ ಅವಮಾನವಿಲ್ಲ, ಕೇಳಬಂದವನಿಗೆ ನಷ್ಟವಿಲ್ಲ. ಆಸ್ತಿಕ ಮಹಾಶಯರು ಇದನ್ನು ಮನಗಾಣಬೇಕು: ಸಭೆಯಲ್ಲಿ ಆಡುವ ಮಾತಿಗೆ ಸತ್ಯದೊಡನೆ ಸಂಗತಿಯೂ ಇರಬೇಕು.

ಶ್ರೀಕೃಷ್ಣಾರ್ಪಣಮಸ್ತು.